ದೊಡ್ಡ ಕಂಪನಿ ಬರುವ ತನಕ

ಕ್ಯಾಮೆರಾ ರಿಪೇರಿ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ, ಸ್ಟುಡಿಯೊ ನಡೆಸುವ ಅಣ್ಣ ತಂಗಿ ಕುಳಿತಿದ್ದರು. ಅವರು ದೊಡ್ಡ ಪ್ರಿಂಟುಗಳಿಗೆಂದೇ ಇಟ್ಟುಕೊಂಡಿದ್ದ ದೊಡ್ಡ ಸೆನ್ಸರ್‌ನ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದ ಶಟರ್ ಕೆಟ್ಟಿತ್ತು. ಹೊಸ ಶಟರ್ ಸಿಗುವುದಿಲ್ಲ, ಕೆಟ್ಟುಬಿದ್ದ ಇನ್ನೊಂದು ಕ್ಯಾಮೆರಾದಿಂದ ಕಿತ್ತು ಹಾಕಬಹುದು ಎಂದು ಹೇಳಿ ರಿಪೇರಿಯವರು ಒಳಗೆ ಹೋಗಿದ್ದರು.

“ಇದನ್ನ ಮಾರಿಬಿಡೋಣ ಕಣೆ. ದೊಡ್ಡ ಕಂಪನಿಗಳು ಇಂಥದ್ದು ಮಾಡಲಿ, ಆಗ ತಗೊಳ್ಳೋಣ.”

“ಮಾಡ್ತಾರೆ ಅಂತ ಯಾರು ಹೇಳಿದ್ದು?”

“ಮಾಡಬೇಕು. ಅವರು ಬಂದ್ರೆ ಲೆನ್ಸ್ ಅಗ್ಗ ಆಗುತ್ತೆ, ಬಿಡಿಭಾಗ ಎಲ್ಲಾ ಕಡೆ ಸಿಗುತ್ತೆ.”

“ಬಂದು, ಮಾರಾಟ ಸಾಲದು ಅಂತ ಎದ್ದು ಹೋದ್ರೆ? ಅಷ್ಟರಲ್ಲಿ ಈಗ ಇದನ್ನ ಮಾಡೋ ಸಣ್ಣ ಕಂಪನಿಗಳು ಬಾಗಿಲು ಹಾಕಿರ್ತಾವೆ.”

“ನಿಂದು ಯಾವಾಗ್ಲೂ ಅಪಶಕುನ.”

“ನಿಂದು ಯಾವಾಗ್ಲೂ ಕಾಯೋದು. ಮದುವೆ ಮಾತೂ ಅತ್ತಿಗೆನೇ ಎತ್ತಬೇಕಾಯ್ತು.”

ಅಣ್ಣ ನಕ್ಕರು. “ಸರಿ ಮಾರಾಯ್ತಿ, ಶಾಲೆ ಫೋಟೋನ ಸದ್ಯಕ್ಕೆ ಮಾಮೂಲಿ ಕ್ಯಾಮೆರಾದಲ್ಲೇ ತೆಗೆಯೋಣ. ಶಾಲೆಯವರಿಗೆ ವ್ಯತ್ಯಾಸ ಗೊತ್ತಾಗಲ್ಲ.”

“ಇಡೀ ಶಾಲೆ ಒಂದೇ ಫೋಟೋದಲ್ಲಿ, ಅದೂ ಗೋಡೆಯಷ್ಟು ದೊಡ್ಡದು. ಹಿಂದಿನ ಸಾಲಿನ ಮಗು ಮುಖ ಮಸುಕಾದ್ರೆ ಅದರ ಅಮ್ಮನಿಗೆ ಗೊತ್ತಾಗುತ್ತೆ.”

ರಿಪೇರಿಯವರು ಹೊರಬಂದು, “ಏನು ಮಾಡ್ಲಿ?” ಎಂದಾಗ ಅಣ್ಣ ಎದ್ದು ಕೌಂಟರಿನ ಕಡೆ ನಡೆದರು.

“ಆ ಹಳೇ ಶಟರನ್ನೇ ಕಿತ್ತು ಹಾಕಿ. ಆ ಕ್ಯಾಮೆರಾದಲ್ಲಿ ಉಳಿದ ಬಿಡಿಭಾಗಗಳನ್ನೂ ಯಾರಿಗೂ ಕೊಡಬೇಡಿ, ನಮಗೇ ಇಟ್ಟಿರಿ.”