ಒದ್ದೆ ನಿಲುವಂಗಿ

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಪ್ಪಿಸುವ ಸಾಲು. ನನ್ನ ಮುಂದೆ ಅಕ್ಕ ತಂಗಿಯರಿಬ್ಬರು, ಬೈಬಲ್ ನಾಡುಗಳ ಯಾತ್ರೆ ಮುಗಿಸಿ ಊರಿಗೆ ಹೊರಟವರು. ತಂಗಿ ಫೋನಿನಿಂದ ಕಣ್ಣು ಕೀಳುತ್ತಿರಲಿಲ್ಲ.

“ಯಾರೋ ಗ್ರೂಪಲ್ಲಿ ಹಾಕಿರೋ ಫೋಟೊ ಇವರು ನೋಡಿದಾರೆ ಅಕ್ಕ. ಏನೂ ಹೇಳ್ತಿಲ್ಲ.”

“ನದೀದು ತಾನೇ? ಕಾಲು ಜಾರಿ ಬಿದ್ದೆ ಅಂತ ನಿನ್ನ ಗಂಡನಿಗೆ ಹೇಳು.”

“ಬಿಳೀ ನಿಲುವಂಗಿ ಹಾಕ್ಕೊಂಡು ಯಾರಾದ್ರೂ ಕಾಲು ಜಾರ್ತಾರಾ? ಅಲ್ಲಿನ ಬೋಧಕರು ತಲೆ ಹಿಡಿದು ಮುಳುಗಿಸ್ತಿರೋದು ಕಾಣ್ತಿದೆ.”

“ಒಂದು ಮುಳುಗಿಗೆ ಆಕಾಶ ಕಳಚಿ ಬೀಳತ್ತೇನೇ?”

“ಪಾದ್ರಿ ಹೆಂಡತಿಯಾಗಿ ನಾನು ಮುಳುಗಿದ್ರೆ ಬೀಳತ್ತೆ. ದೀಕ್ಷಾಸ್ನಾನ ಜನ್ಮಕ್ಕೆ ಒಂದೇ ಸಲ ಅಂತ ಇವರು ಚರ್ಚಲ್ಲಿ ಎಷ್ಟು ಪ್ರಸಂಗ ಮಾಡಿಲ್ಲ! ಎರಡನೇ ಸಲ ಮಾಡಿಸ್ಕೊಂಡಳು ಅಂತ ನಮ್ಮ ಚರ್ಚಿನ ಪಿಯಾನೋ ಟೀಚರನ್ನ ಸಭೆಯಿಂದಲೇ ತೆಗೆದುಹಾಕಿದ್ರು. ನಾನು ಮುಂದಿನ ಬೆಂಚಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ.”

“ನಿಲುವಂಗಿ ನನ್ನ ಪೆಟ್ಟಿಗೇಲೇ ಇರ್ಲಿ. ಯಾರು ಕೇಳಿದ್ರೂ ನಂದು ಅಂತೀನಿ. ಆದ್ರೆ ಗೊತ್ತಿದ್ದೂ ಗೊತ್ತಿದ್ದೂ ಯಾಕೇ ಇಳಿದೆ ನೀನು?”

ತಂಗಿ ಫೋನನ್ನು ಕೈಚೀಲಕ್ಕೆ ಹಾಕಿದಳು.

“ಮೊದಲನೇದು ಹಸುಗೂಸಾಗಿದ್ದಾಗ ಅಪ್ಪ ಎತ್ಕೊಂಡು ಹೋಗಿ ಮಾಡಿಸಿದ್ರು. ಮದುವೇನೂ ಅವರೇ ನಿಶ್ಚಯ ಮಾಡಿದ್ರು. ನಿನ್ನೆ ಆ ಬೋಧಕರು ನೀರಲ್ಲಿ ನಿಂತು, ‘ನಿಮಗೆ ಮನಸ್ಸಿದೆಯೇನಮ್ಮಾ?’ ಅಂತ ಕೇಳಿದ್ರು. ನನ್ನನ್ನ ಯಾರೂ ಯಾವತ್ತೂ ಹಾಗೆ ಕೇಳಿರಲಿಲ್ಲ ಅಕ್ಕ. ಹೂಂ ಅಂದ್ಬಿಟ್ಟೆ.”

ಕೌಂಟರಿನವಳು ಕೈಬೀಸಿ ಕರೆದಳು.

“ನಿನ್ನ ಪೆಟ್ಟಿಗೆ ತೆಗಿ ಅಕ್ಕ. ಅದು ನನ್ನದರಲ್ಲೇ ಬರ್ಲಿ.”

“ಇನ್ನೂ ಒದ್ದೆ ಇದೆ ಕಣೇ. ನಿನ್ನ ಬಟ್ಟೆಯೆಲ್ಲ ನೆನೆಯತ್ತೆ.”

“ನೆನೀಲಿ,” ಎಂದಳು ತಂಗಿ. ನಿಲುವಂಗಿಯನ್ನು ತನ್ನ ಪೆಟ್ಟಿಗೆಗೆ ತುರುಕಿ, ಎಳೆದುಕೊಂಡು ಮುಂದೆ ಹೋದಳು.