ಗುಣಮಟ್ಟದ ಫಂಡಿನಲ್ಲಿ ನಮ್ಮ ಗಾಜಿನ ಕಂಪನಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅವರ ಎಡಕ್ಕೂ ಬಲಕ್ಕೂ ಕುಳಿತಿರುವ ಗಣ್ಯರೇ, ಮೂರೂ ಪಾಳಿಗಳಿಂದ ಬಂದು ಈ ಕ್ಯಾಂಟೀನನ್ನು ಸಭಾಂಗಣ ಮಾಡಿರುವ ಸಭಿಕರೇ, ಮತ್ತು ಕುಲುಮೆಯನ್ನು ಬಿಟ್ಟು ಬರುವ ಹಾಗಿಲ್ಲದೆ ಅಲ್ಲಿಂದಲೇ ಧ್ವನಿವರ್ಧಕದಲ್ಲಿ ಕೇಳುತ್ತಿರುವ ಸಹೋದರರೇ,

ನನ್ನ ಕೆಲಸ ಏನೆಂದು ಅತಿಥಿಗಳಿಗೆ ಗೊತ್ತಿರಲಿಕ್ಕಿಲ್ಲ. ಕುಲುಮೆಯಿಂದ ಬಂದ ಬಾಟಲಿಗಳು ತಣ್ಣಗಾಗಿ ಬೆಲ್ಟಿನ ಮೇಲೆ ಸಾಲಾಗಿ ಸಾಗುತ್ತವೆ. ಹಿಂದೆ ಬಿಳಿ ದೀಪದ ಪರದೆ. ಆ ಬೆಳಕಿನಲ್ಲಿ ಬಿರುಕು, ಗುಳ್ಳೆ, ಓರೆ ಕತ್ತು ಕಾಣುತ್ತವೆ. ಕಂಡರೆ ಎತ್ತಿ ತೊಟ್ಟಿಗೆ ಹಾಕುವುದು, ಕಾಣದಿದ್ದರೆ ಮುಂದಕ್ಕೆ ಬಿಡುವುದು. ಮೂವತ್ತು ವರ್ಷದಿಂದ ಇದೇ ಕೆಲಸ. ಮದುವೆಗೆ ಮೊದಲು ತಮ್ಮನ್ನೂ ಕಿಟಕಿಯ ಬೆಳಕಿಗೆ ನಿಲ್ಲಿಸಿ ನೋಡಿದಳೆಂದು ನಮ್ಮ ಯಜಮಾನರು ಹೇಳಿಕೊಂಡು ತಿರುಗುತ್ತಾರೆ. ಹಾಗೇನಿಲ್ಲ. ಕಿಟಕಿ ಇದ್ದದ್ದೇ ಆ ಕಡೆ.

ಇವತ್ತು ನಿವೃತ್ತಿಯಾಗುತ್ತಿರುವವರು ಇಬ್ಬರು. ನಾನು, ಮತ್ತು ಪಕ್ಕದ ಬೆಲ್ಟಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದ, ಈಗ ಮೂರನೇ ಸಾಲಿನಲ್ಲಿ ಹೆಂಡತಿಯ ಜೊತೆ ಕುಳಿತಿರುವ ಟಾರ್ಚಣ್ಣ. ಕಂಪನಿಯ ದೀಪ ಸಾಲದೆಂದು ಸ್ವಂತ ಟಾರ್ಚು ತರುತ್ತಿದ್ದರಿಂದ ಆ ಹೆಸರು. ಅವರಿಗೆ ಭಾಷಣ ಮಾಡುವುದು ಬೇಡವಂತೆ. "ನನ್ನ ಪಾಲಿಂದೂ ಸೇರಿಸಿ ನೀನೇ ಮಾತಾಡಿಬಿಡಮ್ಮ" ಎಂದರು. ಆದ್ದರಿಂದ ಸ್ವಲ್ಪ ಉದ್ದವಾದರೆ ಅರ್ಧ ತಪ್ಪು ಅವರದು.

ನನ್ನ ಮಾತು ಮುಗಿದ ಮೇಲೆ ನಾವಿಬ್ಬರೂ ಅಧ್ಯಕ್ಷರ ಕೈಗೆ ಒಂದೊಂದು ಅರ್ಜಿ ಕೊಡಬೇಕೆಂದು ಕಾರ್ಯಕ್ರಮದಲ್ಲಿದೆ. ನಿವೃತ್ತಿಯಲ್ಲಿ ಬರುವ ಇಡುಗಂಟನ್ನು ಕಂಪನಿಯ ಹೊಸ ಷೇರುಗಳಲ್ಲಿ ತೊಡಗಿಸುವ ಅರ್ಜಿ. ನೌಕರರಿಗೆ ಪೇಟೆಯ ಬೆಲೆಗಿಂತ ಸ್ವಲ್ಪ ಕಡಿಮೆಗೆ ಸಿಗುತ್ತದೆ. ನಾವು ಕೊಟ್ಟರೆ ಉಳಿದವರೂ ಕೊಡುತ್ತಾರೆಂದು ಆಡಳಿತದ ನಿರೀಕ್ಷೆ.

ನಿನ್ನೆ ಸಿಬ್ಬಂದಿ ಅಧಿಕಾರಿಗಳು ನನ್ನನ್ನು ಕರೆಸಿದ್ದರು.

"ಅಮ್ಮಾ, ನೀವು ಷೇರಲ್ಲಿ ದುಡ್ಡು ಹಾಕ್ತೀರಂತೆ, ನಿಜಾನಾ?"

"ಸ್ವಲ್ಪ ಸಾರ್, ತಿಂಗಳಿಗೆ ಇಷ್ಟು ಅಂತ."

"ಹಾಗಾದ್ರೆ ಆ ಅನುಭವ ಹೇಳಿಬಿಡಿ. ನಮ್ಮವರಿಗೆ ಷೇರು ಅಂದ್ರೆ ಜೂಜು ಅಂತ ಭಯ. ನಿಮ್ಮ ಬಾಯಿಂದ ಬಂದ್ರೆ ನಂಬ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿ, ಸಾಕು."

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನನ್ನ ನಾದಿನಿ ಬ್ಯಾಂಕಿನಲ್ಲಿ ಗುಮಾಸ್ತೆ. ನನ್ನನ್ನು ಈ ದಾರಿಗೆ ಎಳೆದವಳು ಅವಳೇ. "ಅತ್ತಿಗೆ, ಒಂದೊಂದೇ ಷೇರು ಆರಿಸೋಕೆ ನಿಮಗೂ ಬರಲ್ಲ, ನನಗೂ ಬರಲ್ಲ. ಇಟಿಎಫ್ ಅಂತಿದೆ. ಮೂವತ್ತು ಕಂಪನಿ ಸೇರಿಸಿ ಒಂದು ಬುಟ್ಟಿ ಮಾಡಿರ್ತಾರೆ. ಆ ಬುಟ್ಟಿಯ ಯೂನಿಟ್ಟನ್ನ ಷೇರಿನ ಹಾಗೇ ಪೇಟೆಯಲ್ಲಿ ಕೊಳ್ಳಬಹುದು" ಎಂದಳು.

"ಯಾವ ಮೂವತ್ತು?"

"ಈ ಬುಟ್ಟಿಗೆ ಗುಣಮಟ್ಟದ ಫಂಡು ಅಂತಾರೆ. ಹಾಕಿದ ಬಂಡವಾಳಕ್ಕೆ ಒಳ್ಳೆ ಲಾಭ ಬರ್ತಿರಬೇಕು, ಸಾಲ ಕಡಿಮೆ ಇರಬೇಕು, ಲಾಭ ವರ್ಷದಿಂದ ವರ್ಷಕ್ಕೆ ಕುಣೀಬಾರದು. ಆರು ತಿಂಗಳಿಗೊಂದ್ಸಲ ಮತ್ತೆ ನೋಡಿ, ಹೊಂದದ್ದನ್ನ ತೆಗೀತಾರೆ."

"ತೆಗೆಯೋರು ಯಾರೇ?"

"ಯಾರೂ ಇಲ್ಲ. ನಿಯಮ."

ಯಾರ ಮುಖವನ್ನೂ ನೋಡದೆ ತೆಗೆಯುವ ಕೆಲಸ ನನಗೆ ಪರಿಚಿತ. ಆದರೆ ಸಭಿಕರೇ, ನಾನು ದುಡ್ಡು ಹಾಕಿದ್ದು ಅದಕ್ಕಾಗಿಯೇ? ಅಲ್ಲ. ನಾದಿನಿ ಫೋನಿನಲ್ಲಿ ಆ ಮೂವತ್ತು ಹೆಸರು ತೋರಿಸಿದಳು. ಹತ್ತೊಂಬತ್ತನೆಯದು ನಮ್ಮ ಕಂಪನಿ! ನಾನು ಉಳಿದ ಇಪ್ಪತ್ತೊಂಬತ್ತನ್ನು ಓದಲೇ ಇಲ್ಲ. ಬಹುಮಾನದ ಪಟ್ಟಿಯಲ್ಲಿ ಮನೆಯವರ ಹೆಸರು ಕಂಡ ಹಾಗಾಯಿತು. ಮರುದಿನವೇ ಖಾತೆ ತೆರೆದೆ. ಮೂವತ್ತು ಕಂಪನಿಗಳಲ್ಲಿ ಪಾಲುದಾರಳಾದೆನೆಂದು ಮನೆಯಲ್ಲಿ ಹೇಳಿದರೆ ಯಜಮಾನರು, "ಹಾಗಾದ್ರೆ ಇನ್ನು ಟೀ ನಾನೇ ಮಾಡ್ಕೋಬೇಕು ಅನ್ನು" ಎಂದರು. ಅಂದಿನಿಂದ ಅವರೇ ಮಾಡುತ್ತಾರೆ. ಸಕ್ಕರೆ ಜಾಸ್ತಿ.

ಮೊದಲ ತಿಂಗಳು ಹೊಸಬರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಬಿಡುವು ಸಿಕ್ಕಾಗಲೆಲ್ಲ ಬೆಲೆ ನೋಡಿದೆ. ಒಂದು ದಿನ ಇಳಿಯಿತು. ಕೂಡಲೇ ನಾದಿನಿಗೆ ಫೋನ್ ಮಾಡಿದೆ.

"ಹೋಯ್ತು ಕಣೇ!"

"ಎಷ್ಟು ಹೋಯ್ತು ಅತ್ತಿಗೆ?"

"ಎರಡು ಕಿಲೋ ಟೊಮೆಟೊ ಅಷ್ಟು."

"ಮಾರಿಬಿಟ್ರಾ?"

"ಇಲ್ಲ."

"ಮತ್ತಿನ್ನೇನು, ಅಡುಗೆ ಮಾಡಿ ಹೋಗಿ. ಇನ್ನೂ ಇಳೀಬಹುದು. ಅದಕ್ಕೇ ಹೇಳಿದ್ದು, ವರ್ಷಗಟ್ಟಲೆ ಮುಟ್ಟೋ ಅಗತ್ಯ ಇಲ್ಲದ ದುಡ್ಡು ಮಾತ್ರ ಹಾಕಿ ಅಂತ."

ಆಮೇಲೆ ಇಳಿಯಿತು, ಏರಿತು, ಮತ್ತೆ ಇಳಿಯಿತು. ಬೆಲೆ ನೋಡುವುದನ್ನು ಬಿಟ್ಟೆ. ಹೆಸರು ನೋಡುವುದನ್ನು ಮಾತ್ರ ಬಿಡಲಿಲ್ಲ. ಆರು ತಿಂಗಳಿಗೊಮ್ಮೆ ಹೊಸ ಪಟ್ಟಿ ಬಂದಾಗ ನಮ್ಮದು ಇದೆಯೇ ಎಂದು ನೋಡಿ ಫೋನ್ ಮುಚ್ಚುತ್ತಿದ್ದೆ.

ಕಳೆದ ಸಲ ನೋಡಿದರೆ ಹತ್ತೊಂಬತ್ತರಲ್ಲಿ ಯಾವುದೋ ಸೋಪಿನ ಕಂಪನಿ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿದೆ. ಅಚ್ಚಿನ ತಪ್ಪಿರಬೇಕೆಂದು ಫಂಡಿನವರ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿಕೊಂಡಳು.

"ನಮ್ಮ ಕಂಪನಿ ಹೆಸರು ಬಿಟ್ಟುಹೋಗಿದೆಯಮ್ಮ, ಸೇರಿಸಿಬಿಡು."

"ಬಿಟ್ಟುಹೋಗಿಲ್ಲ ಮೇಡಂ. ತೆಗೆದಿದ್ದಾರೆ."

"ಯಾಕೆ?"

"ಒಂದ್ನಿಮಿಷ ಮೇಡಂ... ಸಾಲ ಜಾಸ್ತಿ ಆಗಿದೆ."

"ಹೊಸ ಕುಲುಮೆ ಕಟ್ಟಿದ್ದೀವಲ್ಲಮ್ಮ, ಅದಕ್ಕೆ ಆ ಸಾಲ. ನೀನು ನೋಡಿದ್ದೀಯಾ? ತುಂಬ ಚೆನ್ನಾಗಿದೆ."

"ಇಲ್ಲ ಮೇಡಂ, ನೋಡಿಲ್ಲ."

"ಒಂದ್ಸಲ ಬಂದು ನೋಡು, ನಾನೇ ತೋರಿಸ್ತೀನಿ."

"ಥ್ಯಾಂಕ್ಸ್ ಮೇಡಂ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ಬೇರೆ ಏನೂ ಬೇಕಿರಲಿಲ್ಲ.

ಅಧ್ಯಕ್ಷರು ಈಗಷ್ಟೇ ಹೊಸ ಕುಲುಮೆಯ ಬಗ್ಗೆ ಮಾತನಾಡಿದರು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಕಂಪನಿ ಮುಳುಗುತ್ತದೆಂದು ನಾನು ಹೇಳುತ್ತಿಲ್ಲ. ನಾದಿನಿಯನ್ನೂ ಕೇಳಿದೆ. "ಮುಳುಗತ್ತೆ ಅಂತ ಯಾರು ಹೇಳಿದ್ರು ಅತ್ತಿಗೆ? ಕುಲುಮೆ ಚೆನ್ನಾಗಿ ಓಡಿದ್ರೆ ನಿಮ್ಮ ಷೇರು ಆ ಬುಟ್ಟಿನೂ ಮೀರಿಸಬಹುದು. ಓಡದಿದ್ರೆ ಇಲ್ಲ. ಬುಟ್ಟಿಯಲ್ಲಿ ಒಂದು ಕೆಟ್ಟರೆ ಇಪ್ಪತ್ತೊಂಬತ್ತು ಇರ್ತವೆ. ಇಲ್ಲಿ ಇರೋದೇ ಒಂದು" ಎಂದಳು.

ಸಿಬ್ಬಂದಿ ಅಧಿಕಾರಿಗಳು ಕೈಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತ ಬಂದೆ ಸಾರ್.

ಬೆಳಿಗ್ಗೆ ಟಾರ್ಚಣ್ಣನನ್ನು ಕೇಳಿದೆ, "ಅಣ್ಣಾ, ಎಷ್ಟು ಹಾಕ್ತೀರಾ?"

"ಎಲ್ಲಾನೂ."

"ಎಲ್ಲಾನೂ?"

"ನಮ್ಮ ಕಂಪನಿ ಕಣಮ್ಮ, ಒಳಗಿಂದ ಹೊರಗಿಂದ ಗೊತ್ತು. ಗೊತ್ತಿಲ್ಲದ ಮೂವತ್ತರಲ್ಲಿ ಹಾಕೋ ಹುಚ್ಚು ನಿನಗೆ."

"ಮತ್ತೆ ಮನೆ?"

"ಷೇರು ಏರಿದ ಮೇಲೆ ಮನೆ."

ಅವರು ಇರುವುದು ಕಂಪನಿಯ ವಸತಿಗೃಹದಲ್ಲಿ. ನಿವೃತ್ತಿಯಾದವರು ಆರು ತಿಂಗಳಲ್ಲಿ ಖಾಲಿ ಮಾಡಬೇಕು. ಆ ಇಡುಗಂಟು ಬಿಟ್ಟರೆ ಅವರಿಗೆ ಬೇರೆ ಗಂಟಿಲ್ಲ. ಷೇರಿಗೆ ಆ ಆರು ತಿಂಗಳ ವಿಷಯ ಗೊತ್ತಿರುತ್ತದೆಯೇ? ಅಣ್ಣಾ, ನಿಮ್ಮ ಮನೆಯ ವಿಷಯವನ್ನು ಮೈಕಿನಲ್ಲಿ ಹೇಳಬಾರದಿತ್ತು. ಹೇಳಿಯಾಯಿತು. ಹಾಗೆಂದು ನನ್ನ ಬುಟ್ಟಿಗೆ ಹಾಕಿ ಎಂದೂ ಹೇಳುವುದಿಲ್ಲ. ಅದೂ ಷೇರೇ, ಅದೂ ಇಳಿಯುತ್ತದೆ. ಆರು ತಿಂಗಳಲ್ಲಿ ಮನೆಯಾಗಬೇಕಾದ ದುಡ್ಡು ನಿಮ್ಮ ಕೈಯಲ್ಲಿರಲಿ, ಇಲ್ಲವೇ ಬ್ಯಾಂಕಿನಲ್ಲಿರಲಿ.

ಪಕ್ಕದಲ್ಲಿ ಕುಳಿತ ಅವರ ಹೆಂಡತಿ, ನಮ್ಮ ಅತ್ತಿಗೆಮ್ಮ, ಅವರ ಕಡೆ ತಿರುಗಿ ನೋಡುತ್ತಿದ್ದಾರೆ. ಇದು ಅವರಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಇನ್ನು ನನ್ನ ಅರ್ಜಿ. ತಂದಿದ್ದೇನೆ ಅಧ್ಯಕ್ಷರೇ, ತುಂಬಿಲ್ಲ. ನಿನ್ನೆಯಿಂದ ಪೆನ್ನು ಹಿಡಿದೆ, ಇಟ್ಟೆ, ಹಿಡಿದೆ, ಇಟ್ಟೆ. ದಯವಿಟ್ಟು ಕೋಪ ಮಾಡಿಕೊಳ್ಳಬೇಡಿ. ತೊಟ್ಟಿಗೆ ಹಾಕಿದ ಬಾಟಲಿಯನ್ನು ನಾವು ಎಂದೂ ಬೈದವರಲ್ಲ. ಅದು ಪುಡಿಯಾಗಿ ಕುಲುಮೆಗೆ ಹೋಗುತ್ತದೆ, ಕರಗುತ್ತದೆ, ಮತ್ತೆ ಬೆಲ್ಟಿಗೆ ಬರುತ್ತದೆ. ಒಂದೇ ಗಾಜನ್ನು ಎರಡನೇ ಸಲ ನೋಡಿ ಸಂತೋಷದಿಂದ ಮುಂದಕ್ಕೆ ಬಿಟ್ಟದ್ದು ಎಷ್ಟು ಸಲವೋ. ಸಾಲ ತೀರಲಿ, ನಮ್ಮ ಹೆಸರು ಆ ಪಟ್ಟಿಗೆ ಮರಳಿ ಬರಲಿ. ನನ್ನ ತಿಂಗಳ ಕಂತು ನಡೆಯುತ್ತಲೇ ಇರುತ್ತದೆ. ನೀವು ಮರಳಿದ ದಿನ ಅದರಲ್ಲೊಂದು ಪಾಲು ತಾನಾಗಿಯೇ ನಿಮ್ಮ ಷೇರಿಗೆ ಬರುತ್ತದೆ. ಅರ್ಜಿ ಬೇಕಾಗುವುದಿಲ್ಲ.

ಟಾರ್ಚಣ್ಣ ಎದ್ದಿದ್ದಾರೆ. ವೇದಿಕೆಗೆ ಬರುತ್ತಾರೇನೋ ಎಂದುಕೊಂಡೆ. ಇಲ್ಲ, ಅತ್ತಿಗೆಮ್ಮ ಮುಂದೆ, ಅವರು ಹಿಂದೆ, ಬಾಗಿಲ ಕಡೆ ಹೊರಟಿದ್ದಾರೆ. ಅರ್ಜಿ ಅತ್ತಿಗೆಮ್ಮನ ಕೈಯಲ್ಲಿದೆ. ಹರಿದು ಎರಡಾಗಿದೆ. ಅಣ್ಣಾ, ಊಟ ಮಾಡಿಕೊಂಡು ಹೋಗಿ.

ಮೂವತ್ತು ವರ್ಷ ಅನ್ನ ಕೊಟ್ಟ ಕಂಪನಿಗೆ, ಸಹಿಸಿಕೊಂಡ ಮೇಲಧಿಕಾರಿಗಳಿಗೆ, ಇಷ್ಟು ಹೊತ್ತು ಕೇಳಿದ ನಿಮಗೆ ಕೃತಜ್ಞತೆಗಳು. ನಾನು ಎಲ್ಲೇ ಇದ್ದರೂ ಆರು ತಿಂಗಳಿಗೊಮ್ಮೆ ಮೂವತ್ತೂ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತಿರುತ್ತೇನೆ. ನಮಸ್ಕಾರ.