ಬೀಗ ಹಾಕಿದ ಕೋಣೆಯ ಫ್ಯಾನು

೨೦೨೩ರ ಮಾರ್ಚ್ ೧೪, ಬೆಳಿಗ್ಗೆ ೧೦.೪೦. ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ವಿಶ್ವವಿದ್ಯಾಲಯದ ಪರಿಸರ ಕಾರ್ಯಕ್ರಮಗಳ ಮುಖ್ಯಸ್ಥೆ, ಜೊತೆಗೆ ವಯಸ್ಸಾದ ಎಲೆಕ್ಟ್ರಿಷಿಯನ್.

“ಅಣ್ಣಾ, ನೆಲಮಾಳಿಗೆ ಕೋಣೆಗೆ ಬೀಗ ಹಾಕಿ ತಿಂಗಳಾಯ್ತು. ಗಾಳಿ ಫ್ಯಾನ್ ಇನ್ನೂ ಯಾಕೆ ಓಡ್ತಿದೆ? ಕರೆಂಟು ದಂಡ.”

“ಒಳಗೆ ಉಸಿರಾಡೋರಿದ್ರೆ ಮಾತ್ರ ಓಡೋ ಹಾಗೆ ಉಸಿರಿನ ಗಾಳಿ ಅಳೆಯೋ ಮೀಟರ್ ಇಡ್ಸಿದ್ದು ನೀವೇ ಅಲ್ವಾ ಮೇಡಂ?”

“ಮೀಟರ್ ಕೆಟ್ಟಿರ್ಬೇಕು. ಇಲ್ಲಾಂದ್ರೆ ಇಲಿಗಳು ಸಭೆ ಸೇರ್ತಿವೆ.”

“ಮೂರು ಮೀಟರ್ ಬದಲಾಯಿಸ್ದೆ. ಒಳಗೆಲ್ಲಾ ಹುಡುಕಿದೆ, ನರಪಿಳ್ಳೆ ಇಲ್ಲ.”

“ಹಾಗಾದ್ರೆ ಇವತ್ತೇ ಫ್ಯಾನಿನ ವೈರ್ ಕಿತ್ತುಬಿಡಿ.”

“ನನ್ನ ಕೈಲಾಗಲ್ಲ ತಾಯೀ. ನಿನ್ನೆ ನಿಲ್ಸಿ ನೋಡ್ದೆ. ಮೀಟರಿನ ಅಂಕಿ ಸರಸರ ಏರ್ತು, ಗಾಬರಿ ಬಿದ್ದವರ ಉಸಿರಿನ ಹಾಗೆ.”

“ಆಮೇಲೆ?”

“ಫ್ಯಾನ್ ಹಾಕ್ದೆ. ಅಂಕಿ ಇಳೀತು, ಸಮಾಧಾನ ಆಯ್ತು.”

ಆಕೆ ಫೋನ್ ತೆಗೆದು ಆ ಕೋಣೆಯ ಮೀಟರಿನ ಅಂಕಿ ನೋಡಿದರು.

“ಓಡ್ಲಿ ಬಿಡಿ.”

ಇಬ್ಬರೂ ಲಿಫ್ಟ್ ಹತ್ತಿದರು. ಖಾಲಿ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ ಸುಮಾರು ೪೨೦ ಭಾಗ ಇರಬೇಕು. ಆಕೆಯ ಫೋನಿನ ಪರದೆಯಲ್ಲಿ ೯೧೨ ಇತ್ತು.